ಪೇಪರ್ ಎಂದರೆ ಬರೀ ಕಾಗದವಲ್ಲ: ಲೋಟ, ತಟ್ಟೆ, ಚೀಲ, ಪತ್ರಿಕೆ ಕೊಳ್ಳುವಾಗ ನೋಡಬೇಕಾದ್ದು



"ನಾವು ಪ್ಲಾಸ್ಟಿಕ್ ಬಿಟ್ಟು ಪೇಪರಿಗೆ ಬಂದಿದ್ದೇವೆ" ಎಂಬ ಮಾತು ಈಗ ನಮ್ಮ ಪ್ರತಿ ಕಾರ್ಯಕ್ರಮದಲ್ಲೂ ಕೇಳಿಬರುತ್ತದೆ. ಮಹಾವೀರ ಜಯಂತಿಯ ಪಾನಕ ಇರಲಿ, ಪರ್ಯುಷಣದ ಪಾರಣೆ ಇರಲಿ, ಮದುವೆ, ಗೃಹಪ್ರವೇಶ ಇರಲಿ, ಪೇಪರ್ ಲೋಟ, ಪೇಪರ್ ತಟ್ಟೆ, ಪೇಪರ್ ಚೀಲ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ನಾಲ್ಕು ಊರುಗಳ ಕಾರ್ಯಕ್ರಮಗಳಿಗೆ ಸಾಮಾನು ಕೊಳ್ಳುವ ಸೇವೆಯಲ್ಲಿ ನಾನೂ ಇದ್ದೇನೆ, ಅಂಗಡಿಯಲ್ಲಿ ಇದೇ ಸಾಮಾನು ಮಾರುತ್ತಲೂ ಇದ್ದೇನೆ. ಗಲ್ಲಾಪೆಟ್ಟಿಗೆಯ ಎರಡೂ ಬದಿಯಿಂದ ನೋಡಿ ಹೇಳುವುದಾದರೆ, ಪೇಪರ್ ಎಂದು ಮಾರುವ ಬಹಳಷ್ಟು ಸಾಮಾನಿನಲ್ಲಿ ಪ್ಲಾಸ್ಟಿಕ್ ಇದೆ. ಇಲ್ಲದಿರುವುದೂ ಪುಕ್ಕಟೆ ಬಂದದ್ದಲ್ಲ, ಅದರ ಹಿಂದೆ ಮರ ಇದೆ, ನೀರು ಇದೆ. ಆ ಮರದ ಒಂದು ಕಥೆ ನಮ್ಮ ಜಿಲ್ಲೆಯ ರಾಗಿ ಹೊಲಗಳಲ್ಲೇ ನಡೆದದ್ದು. ಮೊದಲು ಅದನ್ನು ಹೇಳಿ ನಂತರ ಸಾಮಾನಿಗೆ ಬರುತ್ತೇನೆ.

ಕಾಗದ ಮತ್ತು ಕೋಲಾರದ ನೀಲಗಿರಿ

ಕಾಗದ ಮಾಡುವುದು ಮುಖ್ಯವಾಗಿ ಮೂರು ಬಗೆಯ ಕಚ್ಚಾ ಮಾಲಿನಿಂದ. ಮರ ಮತ್ತು ಬಿದಿರು ಒಂದು. ಕಬ್ಬಿನ ಸಿಪ್ಪೆ, ಹುಲ್ಲು ಮುಂತಾದ ಬೆಳೆಯ ಉಳಿಕೆ ಇನ್ನೊಂದು. ರದ್ದಿ ಕಾಗದ ಮೂರನೆಯದು. ನಮ್ಮ ದೇಶದಲ್ಲಿ ತಯಾರಾಗುವ ಕಾಗದ ಮತ್ತು ರಟ್ಟಿನಲ್ಲಿ ಅರ್ಧಕ್ಕಿಂತ ಹೆಚ್ಚು ರದ್ದಿಯಿಂದಲೇ ಬರುತ್ತದೆ. ಆದರೆ ಒಳ್ಳೆಯ ಬಿಳಿ ಜೆರಾಕ್ಸ್ ಕಾಗದಕ್ಕೆ, ಲೋಟದ ಕಾಗದಕ್ಕೆ ಹೆಚ್ಚಾಗಿ ಬೇಕಾಗುವುದು ಮರದ ಹೊಸ ತಿರುಳು.

ದಕ್ಷಿಣ ಭಾರತದಲ್ಲಿ ಆ ತಿರುಳಿಗೆ ಬಳಸುವ ಮರಗಳಲ್ಲಿ ನೀಲಗಿರಿ ಮುಖ್ಯವಾದದ್ದು. ಸಾಮಾಜಿಕ ಅರಣ್ಯದ ಹೆಸರಿನಲ್ಲಿ ಸಸಿ ಹಂಚಿದ ಕಾಲದಲ್ಲಿ ಕೋಲಾರ ಜಿಲ್ಲೆಯ ಹೊಲಹೊಲಕ್ಕೂ ನೀಲಗಿರಿ ಬಂತು. ರಾಗಿಗೆ ಆಳು ಬೇಕು, ಹದವಾದ ಮಳೆ ಬೇಕು, ಕಾವಲು ಬೇಕು. ನೀಲಗಿರಿಗೆ ಇದಾವುದೂ ಬೇಡ, ದನ ಕುರಿ ಕೂಡ ಬಾಯಿ ಹಾಕುವುದಿಲ್ಲ. ಒಮ್ಮೆ ನೆಟ್ಟು ಕೆಲವು ವರ್ಷಕ್ಕೆ ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಜಮೀನು ಇಲ್ಲಿ, ನೌಕರಿ ಬೆಂಗಳೂರಿನಲ್ಲಿ ಎನ್ನುವವರಿಗೆ ಇದಕ್ಕಿಂತ ಅನುಕೂಲದ ಬೆಳೆ ಯಾವುದಿತ್ತು? ಮರ ಕಾಗದದ ತಿರುಳಿಗೆ, ರೇಯಾನ್ ನೂಲಿನ ತಿರುಳಿಗೆ, ಬೆಂಗಳೂರಿನ ಕಟ್ಟಡಗಳ ಗಳುವಿಗೆ ಹೋಯಿತು. 1981ರಲ್ಲಿ ಜಯಂತ ಬಂದ್ಯೋಪಾಧ್ಯಾಯ, ವಂದನಾ ಶಿವ ಮತ್ತು ಶರತ್‌ಚಂದ್ರ ಅವರು ಕೋಲಾರ ಜಿಲ್ಲೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡು, ರಾಗಿ ಬೆಳೆಯುವ ಭೂಮಿ ನೀಲಗಿರಿಗೆ ಹೋಗುತ್ತಿರುವುದನ್ನು ಬರೆದರು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ನರ್ಸರಿಗೆ ಮೆರವಣಿಗೆಯಲ್ಲಿ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ ಅದೇ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು.

ನೀರಿನ ವಿಷಯದಲ್ಲಿ ವಾದ ಎರಡೂ ಕಡೆ ಇತ್ತು. ಮಾಲೂರಿಗೆ ಅಂಟಿಕೊಂಡಿರುವ ಹೊಸಕೋಟೆಯಲ್ಲಿ ಇಯಾನ್ ಕಾಲ್ಡರ್ ಎಂಬ ಬ್ರಿಟಿಷ್ ಜಲವಿಜ್ಞಾನಿ ನಮ್ಮ ಇಲ್ಲಿನ ವಿಜ್ಞಾನಿಗಳ ಜೊತೆ ಸೇರಿ ಅಳತೆ ಮಾಡಿದರು. ಅದು 1997ರಲ್ಲಿ ಪ್ರಕಟವಾಯಿತು. ಮಳೆ ಕಡಿಮೆಯಾದ ಮೂರು ವರ್ಷಗಳಲ್ಲಿ ಅಲ್ಲಿ ಒಟ್ಟು ಬಿದ್ದ ಮಳೆ 2,100 ಮಿಲಿಮೀಟರ್. ನೀಲಗಿರಿ ಬಳಸಿದ ನೀರು 3,400 ಮಿಲಿಮೀಟರ್. ಹೆಚ್ಚಿನದು ಎಲ್ಲಿಂದ ಬಂತು? ಬೇರು ಆಳಕ್ಕೆ ಇಳಿದು ನೆಲದೊಳಗೆ ಹಿಂದೆ ಕೂಡಿಟ್ಟಿದ್ದ ತೇವವನ್ನೂ ಎಳೆದುಕೊಂಡಿತ್ತು. ವ್ಯಾಪಾರಿಯ ಮಾತಿನಲ್ಲಿ ಹೇಳಿದರೆ ಬಡ್ಡಿಯ ಜೊತೆಗೆ ಅಸಲಿಗೂ ಕೈ ಹಾಕಿತ್ತು. ಎಲ್ಲ ಕಡೆಯೂ ನೀಲಗಿರಿ ಹೀಗೆಯೇ ಎನ್ನಲಾಗದು, ಶಿವಮೊಗ್ಗ ಕಡೆ ಅಳತೆ ಮಾಡಿದಾಗ ಇಷ್ಟು ಕಂಡಿರಲಿಲ್ಲ. ಆದರೆ ವರ್ಷಪೂರ್ತಿ ಹರಿಯುವ ಒಂದು ನದಿಯೂ ಇಲ್ಲದ, 2018ರಿಂದ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರಿನಿಂದ ಕೆರೆ ತುಂಬಿಸಿಕೊಳ್ಳುತ್ತಿರುವ ನಮ್ಮ ಜಿಲ್ಲೆಗೆ ಹೊಸಕೋಟೆಯ ಲೆಕ್ಕವೇ ಹತ್ತಿರದ್ದು. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು.

ಇಷ್ಟೆಲ್ಲ ಹೇಳಿದ್ದು ಕಾಗದವೇ ಬೇಡ ಎಂದಲ್ಲ. ಒಂದು ಸಲ ಬಳಸಿ ಎಸೆಯುವ ಕಾಗದಕ್ಕೂ ಯಾರದೋ ಹೊಲ, ಯಾರದೋ ಬಾವಿ ಬೆಲೆ ಕೊಟ್ಟಿರುತ್ತದೆ. ಬೇಡದ ಕಡೆ ಕೊಳ್ಳದಿರುವುದು ಮೊದಲನೆಯದು, ಯಾವ ಕಾಗದ ಒಳ್ಳೆಯದು ಎಂಬ ಪ್ರಶ್ನೆ ಅದರ ನಂತರದ್ದು.

ಪೇಪರ್ ಲೋಟ

ನಮ್ಮ ಕಾರ್ಯಕ್ರಮಗಳಲ್ಲಿ ಅತಿ ಹೆಚ್ಚು ಖರ್ಚಾಗುವುದು ಇದೇ, ಅತಿ ಹೆಚ್ಚು ತಪ್ಪು ತಿಳಿವಳಿಕೆ ಇರುವುದೂ ಇದರ ಬಗ್ಗೆಯೇ. ಬರೀ ಕಾಗದದಲ್ಲಿ ನೀರು ನಿಲ್ಲುವುದಿಲ್ಲ. ಅದಕ್ಕಾಗಿ ಲೋಟದ ಒಳಮೈಗೆ ಪಾಲಿಥಿನ್‌ನ ತೆಳುವಾದ ಪೊರೆ ಹಾಕಿರುತ್ತಾರೆ. ನಂಬದಿದ್ದರೆ ಒಂದು ಲೋಟವನ್ನು ಹರಿದು ರಾತ್ರಿಯಿಡೀ ನೀರಿನಲ್ಲಿ ನೆನೆಸಿ ನೋಡಿ. ಬೆಳಗ್ಗೆ ಕಾಗದ ಮೆತ್ತಗಾಗಿ ಉಜ್ಜಿದರೆ ಬಂದುಬಿಡುತ್ತದೆ, ಕೈಯಲ್ಲಿ ಪಾರದರ್ಶಕವಾದ ಹಾಳೆ ಉಳಿಯುತ್ತದೆ. ಪಾಠಶಾಲೆಯ ಮಕ್ಕಳಿಂದ ಇದನ್ನು ಮಾಡಿಸಿ, ನಾವು ಭಾಷಣ ಮಾಡುವ ಕೆಲಸ ಉಳಿಯುತ್ತದೆ.

ಕಾಗದ ಮತ್ತು ಪ್ಲಾಸ್ಟಿಕ್ ಹೀಗೆ ಅಂಟಿಕೊಂಡಿರುವುದರಿಂದ ಅದನ್ನು ಸಾಮಾನ್ಯ ರದ್ದಿಯ ಜೊತೆ ತಿರುಳು ಮಾಡಲಾಗುವುದಿಲ್ಲ. ಗೊಬ್ಬರದ ಗುಂಡಿಗೆ ಹಾಕಿದರೆ ಕಾಗದ ಕೊಳೆತು ಪೊರೆ ಮಣ್ಣಿನಲ್ಲಿ ಉಳಿಯುತ್ತದೆ. ಕಾಗದವಾಗಿಯೂ ಇಲ್ಲ, ಪ್ಲಾಸ್ಟಿಕ್ ಆಗಿಯೂ ಇಲ್ಲ, ಎರಡು ಕಡೆಯ ಅಂಗಡಿಯವನೂ ಬೇಡವೆನ್ನುವ ಮಾಲು.

ಕುಡಿಯುವವರ ಆರೋಗ್ಯದ ಮಾತೂ ಇದೆ. ಐಐಟಿ ಖರಗ್‌ಪುರದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ 85ರಿಂದ 90 ಡಿಗ್ರಿ ಬಿಸಿಯ 100 ಮಿಲಿಲೀಟರ್ ನೀರನ್ನು ಪೇಪರ್ ಲೋಟದಲ್ಲಿ 15 ನಿಮಿಷ ಇಟ್ಟಾಗ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ನೀರಿಗೆ ಬಂದಿದ್ದವು. ಚಹಾ ಕುಡಿಯುವವರು ಹದಿನೈದು ನಿಮಿಷ ಹಿಡಿದು ಕೂರುತ್ತಾರೆಯೇ ಎಂದು ಕೇಳಬಹುದು. ಬಹಳ ಜನ ಕೂರುತ್ತಾರೆ. ನಮ್ಮವರಲ್ಲಿ ಇನ್ನೊಂದು ವಿಶೇಷವಿದೆ. ಉಪವಾಸ, ಏಕಾಸನ ಮಾಡುವವರಿಗೆ ಕಾಯಿಸಿದ ನೀರನ್ನು ಬಿಸಿ ಇರುವಾಗಲೇ ಪೇಪರ್ ಲೋಟಕ್ಕೆ ಬಗ್ಗಿಸಿ ಸಾಲಾಗಿ ಇಟ್ಟಿರುತ್ತಾರೆ. ಅದು ಲೋಟದಲ್ಲೇ ಆರುತ್ತದೆ. ದಿನಕ್ಕೆ ನೀರು ಒಂದನ್ನೇ ತೆಗೆದುಕೊಳ್ಳುವ ತಪಸ್ವಿಗೆ ಆ ನೀರನ್ನು ಪ್ಲಾಸ್ಟಿಕ್ ಪೊರೆಯಲ್ಲಿ ಆರಿಸಿ ಕೊಡುವುದು ಯಾವ ಸೇವೆ? ಇದೊಂದನ್ನಾದರೂ ಈ ಚಾತುರ್ಮಾಸದಿಂದ ನಾಲ್ಕೂ ಊರುಗಳಲ್ಲಿ ನಿಲ್ಲಿಸಬೇಕು ಎಂದು ಟ್ರಸ್ಟಿನವರಲ್ಲಿ ನನ್ನ ಕೋರಿಕೆ.

ಕಾನೂನು ಏನು ಹೇಳುತ್ತದೆ ಎಂದು ಕೆಲವರು ಕೇಳುತ್ತಾರೆ. ಕರ್ನಾಟಕದಲ್ಲಿ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಫ್ಲೆಕ್ಸ್ ನಿಷೇಧದ ಅಧಿಸೂಚನೆ ಬಂತು. ಕೇಂದ್ರದ ನಿಯಮದಂತೆ 2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ಇಡೀ ದೇಶದಲ್ಲಿ ನಿಷಿದ್ಧ. ಪೊರೆ ಹಾಕಿದ ಪೇಪರ್ ಲೋಟವನ್ನು ಕೇಂದ್ರದ ಆ ಪಟ್ಟಿಯಲ್ಲಿ ಹೆಸರಿಸಿಲ್ಲ. ತಮಿಳುನಾಡಿನವರು ಮಾತ್ರ 2019ರ ಜನವರಿ 1ರಿಂದಲೇ ಪ್ಲಾಸ್ಟಿಕ್ ಲೇಪದ ಪೇಪರ್ ಲೋಟ, ತಟ್ಟೆಯನ್ನೂ ನಿಷೇಧಿಸಿದರು. ಮಾಲೂರಿನಿಂದ ಹೊಸೂರಿಗೆ ಎಷ್ಟು ದೂರ? ಗಡಿಯ ಆ ಕಡೆ ಪ್ಲಾಸ್ಟಿಕ್ ಎನಿಸಿಕೊಂಡದ್ದು ಈ ಕಡೆ ಬಂದ ಕೂಡಲೇ ಕಾಗದವಾಗುತ್ತದೆ.

"ಕಂಪೋಸ್ಟ್ ಆಗುವ ಲೋಟ" ಎಂದು ಈಗ ಬರುತ್ತಿರುವುದರಲ್ಲಿ ಪಾಲಿಥಿನ್ ಬದಲು ಜೋಳದ ಪಿಷ್ಟ ಮುಂತಾದವುಗಳಿಂದ ತಯಾರಿಸಿದ ಪೊರೆ ಇರುತ್ತದೆ. ಅದು ಕೊಳೆಯುವುದು ನಿಜ, ಆದರೆ ಸುಮಾರು 58–60 ಡಿಗ್ರಿ ಕಾವು ದಿನಗಟ್ಟಲೆ ಇರುವ ದೊಡ್ಡ ಕಂಪೋಸ್ಟ್ ಘಟಕದಲ್ಲಿ. ಹಿತ್ತಲ ಗುಂಡಿಯಲ್ಲಿ ಅಷ್ಟು ಕಾವು ನಿಲ್ಲುವುದಿಲ್ಲ. ಕೊಳ್ಳುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರ ಕೇಳಿ. ಇಲ್ಲದಿದ್ದರೆ ಹೆಚ್ಚಿನ ಬೆಲೆ ಕೊಡಬೇಡಿ.

ಹಾಗಾದರೆ ಏನು ಮಾಡುವುದು? ಸ್ಟೀಲ್ ಲೋಟ. ಶಾಮಿಯಾನದ ಅಂಗಡಿಯವರು ಎಲ್ಲ ಊರಲ್ಲೂ ಬಾಡಿಗೆಗೆ ಕೊಡುತ್ತಾರೆ. 400 ಜನರ ಊಟಕ್ಕೆ ಒಬ್ಬರಿಗೆ ಮೂರು ಲೋಟದಂತೆ ಹಿಡಿದರೂ 1,200 ಪೇಪರ್ ಲೋಟ. ವರ್ಷದಲ್ಲಿ ಇಂಥ ಹತ್ತು ಕಾರ್ಯಕ್ರಮವಾದರೆ 12,000. ಅದೇ ಹಣಕ್ಕೆ ಸಂಘವೇ 400 ಸ್ಟೀಲ್ ಲೋಟ ಕೊಂಡಿಟ್ಟರೆ ಕೆಲವೇ ವರ್ಷದಲ್ಲಿ ಹಣ ವಾಪಸ್, ಆಮೇಲೆ ಇಪ್ಪತ್ತು ವರ್ಷ ನಿಶ್ಚಿಂತೆ. ಬೆಂಗಳೂರಿನಲ್ಲಿ ಅದಮ್ಯ ಚೇತನ ಸಂಸ್ಥೆಯವರು ನಡೆಸುವ ಪ್ಲೇಟ್ ಬ್ಯಾಂಕ್ ಇದೇ ಬಗೆಯದು, ತಟ್ಟೆ ಲೋಟ ಒಯ್ದು ಕಾರ್ಯಕ್ರಮ ಮುಗಿಸಿ ಹಿಂದಿರುಗಿಸುವುದು. "ತೊಳೆಯಲು ನೀರೆಲ್ಲಿದೆ?" ಎಂದು ಕೋಲಾರದವರು ಕೇಳುವುದು ಸಹಜ. ನಲ್ಲಿ ಬಿಟ್ಟು ತೊಳೆದರೆ ಆ ಮಾತು ಸರಿಯೇ. ಮೂರು ಬಾನಿ ಇಟ್ಟು, ಒಂದರಲ್ಲಿ ಸೋಪಿನ ನೀರು, ಎರಡರಲ್ಲಿ ಸೋಸಿದ ನೀರು ಹಾಕಿ ಅದ್ದಿ ತೆಗೆದರೆ ಬೇಕಾಗುವುದು ಅಷ್ಟಿಷ್ಟೇ. ಕೊನೆಯ ಬಾನಿಯ ನೀರು ತೆಂಗಿನ ಬುಡಕ್ಕೆ ಹೋಗುತ್ತದೆ.

ತಟ್ಟೆ ಮತ್ತು ಎಲೆ

ಊಟವಾದ ಮೇಲೆ ತಟ್ಟೆ ತೊಳೆದು ಆ ನೀರನ್ನೂ ಕುಡಿಯುವ ಪದ್ಧತಿ ನಮ್ಮ ಹಿರಿಯರಲ್ಲಿ ಇವತ್ತಿಗೂ ಇದೆ. ಆಯಂಬಿಲದ ಊಟದಲ್ಲಿ ನೋಡಬಹುದು. ಎಂಜಲು ಎರಡು ಘಳಿಗೆ, ಅಂದರೆ 48 ನಿಮಿಷ ಉಳಿದರೆ ಜೀವೋತ್ಪತ್ತಿ ಎಂಬ ತಿಳಿವಳಿಕೆ ಅದರ ಹಿಂದಿನದು. ಪೇಪರ್ ತಟ್ಟೆಯಲ್ಲಿ ಇದು ಸಾಧ್ಯವಿಲ್ಲ. ಎಂಜಲು ಸಮೇತ ತಟ್ಟೆ ಮೂಟೆ ಕಟ್ಟಿ ಇಟ್ಟು, ಮರುದಿನ ಗಾಡಿ ಬರುವವರೆಗೆ ಅದರಲ್ಲಿ ಇರುವೆ, ನೊಣ. ಹಾಗಾಗಿ ಇಲ್ಲಿಯೂ ಸ್ಟೀಲೇ ಮೊದಲು.

ಸ್ಟೀಲ್ ಆಗದ ಕಡೆ ಎಲೆ. ಬಾಳೆ ಎಲೆ ಸುಲಭವಾಗಿ ಸಿಗುತ್ತದೆ. ಅಷ್ಟಮಿ, ಚತುರ್ದಶಿಯಂದು ಹಸಿರು ಬಿಟ್ಟವರಿಗೆ ಒಣಗಿದ ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆ ತಟ್ಟೆ ಆಗುತ್ತದೆ. ಮುತ್ತುಗದ ಎಲೆ ಕೊಳ್ಳುವಾಗ ತಿರುಗಿಸಿ ನೋಡಿ. ಕಡ್ಡಿಯಿಂದ ಹೊಲಿದದ್ದು ಸರಿ. ಯಂತ್ರದಲ್ಲಿ ಒತ್ತಿದ್ದರಲ್ಲಿ ಕೆಲವಕ್ಕೆ ಎಲೆಯ ಕೆಳಗೆ ರಟ್ಟು, ಮಧ್ಯೆ ಪಾಲಿಥಿನ್ ಇರುತ್ತದೆ. ಬೆಳ್ಳಿಯಂತೆ ಹೊಳೆಯುವ ಪೇಪರ್ ತಟ್ಟೆಯ ಹೊಳಪು ಪ್ಲಾಸ್ಟಿಕ್ ಹಾಳೆಯದು, ಅದನ್ನು ದಯವಿಟ್ಟು ಕೇಳಬೇಡಿ. ಕಬ್ಬಿನ ಸಿಪ್ಪೆಯ ಬಿಳಿ ತಟ್ಟೆ ಇವೆಲ್ಲಕ್ಕಿಂತ ಮೇಲು, ಮರ ಕಡಿಯಬೇಕಿಲ್ಲ. ಅದರಲ್ಲೂ ಎಣ್ಣೆ ಇಳಿಯದಿರಲೆಂದು ಕೆಲವರು ಫ್ಲೋರಿನ್ ರಾಸಾಯನಿಕ ಸೇರಿಸುತ್ತಾರೆ. ಡೆನ್ಮಾರ್ಕ್ ದೇಶ ಆಹಾರದ ಕಾಗದದಲ್ಲಿ ಅಂಥವನ್ನು 2020ರಲ್ಲೇ ನಿಷೇಧಿಸಿತು. ಸೇರಿಸಿಲ್ಲ ಎಂದು ತಯಾರಕರಿಂದ ಬರವಣಿಗೆಯಲ್ಲಿ ಕೇಳುವ ಹಕ್ಕು ಸಗಟು ಕೊಳ್ಳುವವರಿಗೆ ಇದೆ.

ಮುಳಬಾಗಿಲು ದೋಸೆಯ ಪಾರ್ಸಲ್ ವಿಷಯಕ್ಕೆ ಬಂದರೆ, ಬಾಳೆ ಎಲೆಯ ಹೊರಗೆ ಹಳೇ ಪತ್ರಿಕೆ ಸುತ್ತುವುದು ಎಲ್ಲರೂ ಕಂಡದ್ದೇ. ಆಹಾರವನ್ನು ಪತ್ರಿಕೆಯಲ್ಲಿ ಕಟ್ಟುವುದು, ಇಡುವುದು ಕೇಂದ್ರ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದಲ್ಲಿ ನಿಷಿದ್ಧ. ಮುದ್ರಣದ ಶಾಯಿ ಬಿಸಿ ಎಣ್ಣೆಗೆ ಬಿಟ್ಟುಕೊಳ್ಳುತ್ತದೆ. ಬೋಂಡಾ, ಬಜ್ಜಿಯ ಎಣ್ಣೆ ಹೀರಲು ಪತ್ರಿಕೆಯ ಮೇಲೆ ಹರಡುವುದೂ ಇದರಲ್ಲೇ ಬಂತು. ಮನೆಯಿಂದ ಡಬ್ಬ ಒಯ್ಯಿರಿ, ತುಪ್ಪವೂ ಸೋರುವುದಿಲ್ಲ.

ಚೀಲ

"ಬಟ್ಟೆ ಬ್ಯಾಗ್" ಎಂದು ಕೊಡುವ ಬಣ್ಣಬಣ್ಣದ, ಮೈಯೆಲ್ಲ ಸಣ್ಣ ಚುಕ್ಕೆ ಒತ್ತಿದ ನಾನ್‌ವೋವನ್ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್. 60 ಜಿಎಸ್‌ಎಂಗಿಂತ ತೆಳುವಾದದ್ದು 2021ರ ಸೆಪ್ಟೆಂಬರ್ 30ರಿಂದ ನಿಷಿದ್ಧ. ಒಂದು ಎಳೆ ಬಿಡಿಸಲು ನೋಡಿ. ಹತ್ತಿಯಾದರೆ ಅಡ್ಡ ನೂಲು, ಉದ್ದ ನೂಲು ಕಾಣುತ್ತದೆ. ಇದರಲ್ಲಿ ಪೀಸು ಪೀಸಾಗಿ ಬರುತ್ತದೆ.

ಕಾಗದದ ಚೀಲ ಪ್ಲಾಸ್ಟಿಕ್ ಚೀಲಕ್ಕಿಂತ ಒಳ್ಳೆಯದೇ? ಬ್ರಿಟನ್ನಿನ ಪರಿಸರ ಇಲಾಖೆ 2011ರಲ್ಲಿ ಲೆಕ್ಕ ಹಾಕಿತ್ತು. ಭೂಮಿ ಬಿಸಿಯಾಗುವ ಲೆಕ್ಕವೊಂದನ್ನೇ ಹಿಡಿದರೆ, ಒಂದೇ ಸಲ ಬಳಸಿದ ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮನಾಗಲು ಕಾಗದದ ಚೀಲವನ್ನು 3 ಸಲ, ಹತ್ತಿ ಚೀಲವನ್ನು 131 ಸಲ ಬಳಸಬೇಕು. ಈ ಲೆಕ್ಕದಲ್ಲಿ ದನ ಪ್ಲಾಸ್ಟಿಕ್ ತಿನ್ನುವುದು, ರಾಜಕಾಲುವೆ ಕಟ್ಟಿಕೊಳ್ಳುವುದು ಸೇರಿಲ್ಲ, ಆದ್ದರಿಂದ ಪ್ಲಾಸ್ಟಿಕ್ಕಿಗೆ ಹಿಂತಿರುಗಿ ಎಂದು ಯಾರೂ ಅರ್ಥ ಮಾಡಿಕೊಳ್ಳಬಾರದು. ಆದರೆ ಪ್ರತಿ ಸಮಾರಂಭದಲ್ಲಿ ಹೆಸರು ಮುದ್ರಿಸಿದ ಹೊಸ ಬಟ್ಟೆ ಚೀಲ ಹಂಚುವುದು ಪುಣ್ಯದ ಕೆಲಸವೆಂದು ಹಂಚುತ್ತಿರುವವರು ಈ 131ನ್ನು ನೆನಪಿಡಬೇಕು. ಮನೆಯಲ್ಲಿ ಹತ್ತು ಚೀಲ ಮಡಚಿ ಬಿದ್ದಿದ್ದರೆ ಒಂದೂ 131 ಮುಟ್ಟುವುದಿಲ್ಲ. ಅಂಗಡಿಯಲ್ಲಿ ಮೊಳೆ, ಸ್ಕ್ರೂ, ಬಳೆ, ದಾರದಂಥ ತಿನ್ನದ ವಸ್ತುಗಳಿಗೆ ಹಳೇ ಪತ್ರಿಕೆಯ ಪೊಟ್ಟಣವೇ ಎಲ್ಲಕ್ಕಿಂತ ಮೇಲು.

ಲಗ್ನಪತ್ರಿಕೆ, ಪುಸ್ತಕ, ಬಿಲ್

ಲಗ್ನಪತ್ರಿಕೆಯಲ್ಲಿ ಕಾಗದಕ್ಕಿಂತ ಅದರ ಮೇಲಿನ ಅಲಂಕಾರ ತೊಂದರೆ ಕೊಡುತ್ತದೆ. ಲ್ಯಾಮಿನೇಶನ್, ಚಿನ್ನದ ಫಾಯಿಲ್, ಮಿನುಗು ಪುಡಿ ಇದ್ದರೆ ರದ್ದಿಗೆ ಬೇಡ. ಮೂಲೆ ಹರಿದು ನೋಡಿ: ಬರೀ ಕಾಗದ ನಾರು ನಾರಾಗಿ ಹರಿಯುತ್ತದೆ, ಲ್ಯಾಮಿನೇಶನ್ ಆದದ್ದು ಎಳೆದುಕೊಂಡು ಹಿಗ್ಗುತ್ತದೆ. ಪತ್ರಿಕೆಗೂ ಸಿಹಿ ಡಬ್ಬಕ್ಕೂ ಸುತ್ತುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆ 2022ರ ನಿಷೇಧದ ಪಟ್ಟಿಯಲ್ಲಿಯೇ ಇದೆ. ಮುದ್ರಣದವರು ಅಭ್ಯಾಸಬಲದಿಂದ ಹಾಕಿಬಿಡುತ್ತಾರೆ, ಬೇಡವೆಂದು ಮೊದಲೇ ಬರೆಸಿ.

ಪೆಟ್ಟಿಗೆಯ ರೂಪದ ಗಟ್ಟಿ ಪತ್ರಿಕೆ, ಗಟ್ಟಿ ರಟ್ಟಿನ ಪುಸ್ತಕ ಮಾಡಿಸುವವರು ಅಂಟಿನ ಬಗ್ಗೆಯೂ ಕೇಳಬೇಕು. ಈಗ ಹೆಚ್ಚಿನವರು ಕೃತಕ ಅಂಟು ಬಳಸುತ್ತಾರೆ. ಆದರೆ ರಟ್ಟಿನ ಮೇಲೆ ಕಾಗದ ಅಂಟಿಸಲು ಪ್ರಾಣಿಗಳ ಚರ್ಮ, ಎಲುಬು ಬೇಯಿಸಿ ತೆಗೆದ ಸರೇಸು ಇನ್ನೂ ಬಳಕೆಯಲ್ಲಿದೆ. ಪೂಜೆಯ ಪುಸ್ತಕ, ಸ್ತೋತ್ರ ಸಂಗ್ರಹ ಬೈಂಡ್ ಮಾಡಿಸುವಾಗ ಇದನ್ನು ಕೇಳದೆ ಬಿಡಬಾರದು.

ಕಾಗದದ ತೂಕದ ಲೆಕ್ಕ ಸುಲಭ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎನ್ನುವುದೇ ಜಿಎಸ್‌ಎಂ. ಎ4 ಅಳತೆಯ 16 ಹಾಳೆ ಸೇರಿದರೆ ಒಂದು ಚದರ ಮೀಟರ್. 80 ಜಿಎಸ್‌ಎಂ ಆದರೆ ಹಾಳೆಗೆ 5 ಗ್ರಾಂ, 500 ಹಾಳೆಯ ಒಂದು ರೀಮಿಗೆ ಎರಡೂವರೆ ಕಿಲೋ. 70 ಜಿಎಸ್‌ಎಂ ತೆಗೆದುಕೊಂಡರೆ ರೀಮಿಗೆ ಸುಮಾರು 300 ಗ್ರಾಂ ಉಳಿತಾಯ. ಎರಡೂ ಮಗ್ಗುಲು ಮುದ್ರಿಸಿದರೆ ನೇರ ಅರ್ಧ. ಸಂಘದ ಸುತ್ತೋಲೆಗೆ 70 ಧಾರಾಳವಾಗಿ ಸಾಕು.

ಕಾಗದದ ಕಟ್ಟಿನ ಮೇಲೆ ಮರದ ಗುರುತಿನ ಜೊತೆ ಎಫ್‌ಎಸ್‌ಸಿ ಎಂದಿದ್ದರೆ ಕಾಡಿನ ಹೊಣೆಗಾರಿಕೆ ಪರಿಶೀಲಿಸಿದ ಮೂಲದಿಂದ ಬಂದದ್ದು ಎಂದು ಅರ್ಥ. ಅದರಲ್ಲಿ ಮೂರು ಬಗೆ: 100%, ಮಿಕ್ಸ್, ರೀಸೈಕಲ್ಡ್. ಮೂರನೆಯದು ಪೂರ್ತಿ ಮರುಬಳಕೆಯದು. ನಮ್ಮ ಸರ್ಕಾರದ್ದೂ ಒಂದು ಗುರುತು ಇದೆ, 1991ರಲ್ಲಿ ಮಣ್ಣಿನ ಮಡಕೆಯ ಚಿತ್ರದೊಂದಿಗೆ ಬಂದ ಇಕೋಮಾರ್ಕ್. 2024ರಲ್ಲಿ ಅದಕ್ಕೆ ಹೊಸ ನಿಯಮ ಬಂತು. ಬರೀ "ಇಕೋ ಫ್ರೆಂಡ್ಲಿ" ಎಂದು ಹಸಿರು ಎಲೆ ಮುದ್ರಿಸಿದ್ದರೆ ಅದು ಯಾರ ಪ್ರಮಾಣವೂ ಅಲ್ಲ. ಕಬ್ಬಿನ ಸಿಪ್ಪೆಯಿಂದ ದೊಡ್ಡ ಪ್ರಮಾಣದಲ್ಲಿ ಕಾಗದ ಮಾಡಿದ್ದರಲ್ಲಿ ನೆರೆಯ ತಮಿಳುನಾಡಿನ ಕರೂರಿನ ಟಿಎನ್‌ಪಿಎಲ್ ಹೆಸರಾದದ್ದು. ನಮ್ಮ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆ ನಿಂತು ಹೋದದ್ದು ಬೇರೆಯೇ ದುಃಖ.

ವ್ಯಾಪಾರಿಗಳಿಗೆ ಒಂದು ಮಾತು. ಯಂತ್ರದಿಂದ ಬರುವ ನುಣುಪಾದ ಬಿಲ್ ಕಾಗದಕ್ಕೆ ಶಾಯಿ ಇಲ್ಲ, ಬಿಸಿಗೆ ಕಪ್ಪಾಗುವ ರಾಸಾಯನಿಕ ಲೇಪವಿದೆ. ಉಗುರಿನಿಂದ ಗೀರಿದರೆ ಕಪ್ಪು ಗೆರೆ ಬರುತ್ತದೆ. ಬಿಸ್ಫೆನಾಲ್ ಎಂಬ ಆ ರಾಸಾಯನಿಕಕ್ಕೆ ಯೂರೋಪಿನಲ್ಲಿ 2020ರಿಂದ ಮಿತಿ ಹಾಕಿದ್ದಾರೆ. ಇದನ್ನು ರದ್ದಿಯಲ್ಲಿ ಬೆರೆಸಬೇಡಿ, ಅದರಲ್ಲಿ ತಿಂಡಿ ಕಟ್ಟಬೇಡಿ. ಗಿರಾಕಿ ಒಪ್ಪಿದರೆ ಬಿಲ್ಲನ್ನು ಫೋನಿಗೆ ಕಳಿಸಿ.

ಮಾವಿನ ಪೆಟ್ಟಿಗೆ ಮತ್ತು ರದ್ದಿ

ಶ್ರೀನಿವಾಸಪುರದ ಬಾದಾಮಿ, ಮಲ್ಲಿಕಾ ದೂರದ ನೆಂಟರಿಗೆ ಕಳಿಸುವ ಕಾಲದಲ್ಲಿ ಅಲೆ ರಟ್ಟಿನ ಪೆಟ್ಟಿಗೆಗೆ ಬೇಡಿಕೆ. ಕಾಗದದ ಸಾಮಾನಿನಲ್ಲಿ ನಾನು ಮನಸ್ಸು ಬಿಚ್ಚಿ ಮಾರುವುದು ಇದೊಂದನ್ನೇ. ಹೆಚ್ಚಾಗಿ ರದ್ದಿಯಿಂದಲೇ ಆದದ್ದು, ಪೊರೆ ಇಲ್ಲ, ಮತ್ತೆ ರದ್ದಿಗೇ ಹೋಗುತ್ತದೆ. ಗಾಳಿಗೆ ತೂತು ಇರುವುದನ್ನೇ ತೆಗೆದುಕೊಳ್ಳಿ, ಒಳಗೆ ಥರ್ಮಾಕೋಲ್ ಅಥವಾ ಪ್ಲಾಸ್ಟಿಕ್ ಬಲೆಯ ಬದಲು ಒಣಹುಲ್ಲು ಅಥವಾ ಕತ್ತರಿಸಿದ ರದ್ದಿ ಹಾಕಿ. ಹೊರಮೈ ಮಿರಿಮಿರಿ ಹೊಳೆಯುವ ಪೆಟ್ಟಿಗೆಗೆ ಲ್ಯಾಮಿನೇಶನ್ ಆಗಿದೆ, ಅದು ಬೇಡ.

ಕಾಗದದ ನಾರನ್ನು ಐದರಿಂದ ಏಳು ಸಲ ಮಾತ್ರ ಮತ್ತೆ ತಿರುಳು ಮಾಡಬಹುದು, ಪ್ರತಿ ಸಲವೂ ನಾರು ಗಿಡ್ಡವಾಗುತ್ತದೆ. ಅಷ್ಟಾದರೂ ಆಗಬೇಕಾದರೆ ಅದು ಒಣಗಿ, ಎಣ್ಣೆ ಅಂಟದೆ ಗುಜರಿಗೆ ತಲುಪಬೇಕು. ಮನೆಯಲ್ಲಿ ಎರಡು ಚೀಲ ತೂಗುಹಾಕಿ: ಪತ್ರಿಕೆ, ನೋಟುಪುಸ್ತಕ, ಬಿಳಿ ಹಾಳೆ ಒಂದರಲ್ಲಿ; ರಟ್ಟು ಮತ್ತು ಕಂದು ಕಾಗದ ಇನ್ನೊಂದರಲ್ಲಿ. ಬೇರೆ ಬೇರೆ ಕೊಟ್ಟರೆ ಗುಜರಿಯವರು ದರವನ್ನೂ ಬೇರೆ ಕೊಡುತ್ತಾರೆ. ಪೇಪರ್ ಲೋಟ, ಹೊಳೆಯುವ ತಟ್ಟೆ, ಬಿಲ್ ಚೀಟಿ, ಕೈ ಒರೆಸಿದ ಟಿಶ್ಯೂ ಎರಡರಲ್ಲೂ ಹಾಕಬೇಡಿ. ಮಳೆಗಾಲದಲ್ಲಿ ಕಟ್ಟುಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ ಇಡಿ. ನೆನೆದ ರದ್ದಿಯನ್ನು ತೂಕಕ್ಕೆ ತೆಗೆದುಕೊಳ್ಳುವುದಿಲ್ಲ, ಒಳಗೆ ಬೆಳ್ಳಿಮೀನು ಹುಳು, ಗೆದ್ದಲು ಸೇರಿಕೊಂಡರೆ ಆಮೇಲೆ ಅವನ್ನು ನೋಯಿಸದೆ ಬಿಡಿಸುವುದು ಯಾರಿಂದಲೂ ಆಗದು.